ಮೊಣಕಾಲು ಬದಲಿಸಿ 24 ದಿನ, ಅವ್ವ ಹಾಸಿಗಿ ಬಿಟ್ಟು ಏಳವೊಲ್ಲಳು

ಪ್ರಶ್ನೆ (ಮಗಳು, ಗಂಗಾವತಿ ತಾಲೂಕು):
ನಮಸ್ಕಾರ ಮೇಡಂ. ನಮ್ಮವ್ವಗ 63 ವರ್ಷ. ಮೂವತ್ತು ವರ್ಷ ಗದ್ದಿಯೊಳಗ ಭತ್ತ ನಾಟಿ ಮಾಡಿದಾಕಿ. ಬಲ ಮೊಣಕಾಲು ಪೂರ್ತಿ ಸವದಿತ್ತು, ಕೀಲು ಬದಲಿ ಆಪರೇಷನ್ ಆಗಿ ಇವತ್ತಿಗೆ 24 ದಿನ. ಹೊಲಿಗಿ ಬಿಚ್ಚ್ಯಾರ, ಗಾಯ ಒಣಗೈತಿ. ಆದ್ರ ಬಾತ್‌ರೂಮಿಗೆ ಹೋಗೋದು ಬಿಟ್ರ ಏಳವೊಲ್ಲಳು. ಮೊಣಕಾಲ ಕೆಳಗ ದಿಂಬು ಇದ್ರ ಆರಾಮ ಅಂತಾಳ. ಮಾತಾಡ್ಸಾಕ ಬಂದವ್ರೆಲ್ಲಾ ‘ಮೂರು ತಿಂಗಳು ಅಳ್ಳಾಡಿಸಬ್ಯಾಡ, ಹೊಸ ಕೀಲು ಕೂಡಬೇಕು’ ಅಂತಾರ. ಮಡಚಾಕ ಹೋದ್ರ ಅಳತಾಳ, ನಮಗೂ ಕೈ ಬರಂಗಿಲ್ಲ. ಮುಂದ ನೆಲದ ಮ್ಯಾಲೆ ಕುಂತು ರೊಟ್ಟಿ ಬಡಿಯಾಕ, ಹೊಲಕ್ಕ ಹೋಗಾಕ ಆಗತೈತೇನ್ರಿ?

ಉತ್ತರ (ಫಿಸಿಯೋಥೆರಪಿಸ್ಟ್, ಕೊಪ್ಪಳ):
ತಂಗಿ, ಮೊದಲು ಆ ದಿಂಬು ತಗೀರಿ. ಇವತ್ತ ತಗೀರಿ. ದಿಂಬಿನ ಮ್ಯಾಲೆ ಕಾಲು ಮಡಚೇ ಇರತೈತಿ, ಮೊಣಕಾಲ ಹಿಂದಿನ ನರ-ಸ್ನಾಯು ಅಲ್ಲೇ ಬಿಗಿದುಬಿಡತಾವ. ಆಮೇಲೆ ಕಾಲು ನೆಟ್ಟಗಾಗಂಗಿಲ್ಲ, ಜೀವನಪೂರ್ತಿ ಕುಂಟೋದು ಆಗತೈತಿ. ಮಡಚೋದರ ಚಿಂತಿ ಎಲ್ಲರಿಗೂ ಇರತೈತಿ, ನೆಟ್ಟಗ ಮಾಡೋದನ್ನ ಮರೀತಾರ. ಟವೆಲ್ ಸುತ್ತಿ ಹಿಮ್ಮಡದ ಕೆಳಗ ಇಡ್ರಿ, ಮೊಣಕಾಲು ತಾನಾಗೇ ಕೆಳಗ ಇಳೀಲಿ. ಹತ್ತು ನಿಮಿಷ, ದಿನಕ್ಕ ಮೂರ್ನಾಲ್ಕು ಸಲ.

‘ಕೀಲು ಕೂಡಬೇಕು’ ಅನ್ನೋದು ಮುರದ ಎಲುಬಿನ ಮಾತು. ಇದು ಹಂಗಲ್ಲ. ಹೆಚ್ಚಿನ ಕೀಲುಗಳನ್ನ ಎಲುಬಿಗೆ ಸಿಮೆಂಟ್ ಹಚ್ಚಿ ಕೂಡಿಸಿರತಾರ, ಅದು ಆಪರೇಷನ್ ಟೇಬಲ್ ಮ್ಯಾಲೇ ಸುಮಾರು 15 ನಿಮಿಷದಾಗ ಗಟ್ಟಿಯಾಗತೈತಿ. ಅದಕ್ಕ ಮರುದಿನಾನೇ ನಡಸ್ತಾರ. ಕೀಲು ಹೊಸದು, ಆದ್ರ ಅದನ್ನ ಎತ್ತೋ ತೊಡಿ ಸ್ನಾಯು ಹಳೇದು. ನೋವಿನ ಕಾಲಾಗ ವರ್ಷಗಟ್ಟಲೆ ಸೊರಗಿದ್ದು, ಹಾಸಿಗಿಯಾಗ ಇನ್ನೂ ಸೊರಗತೈತಿ.

ಅವ್ವ ಕಾಲು ಚಾಚಿ, ಮೊಣಕಾಲನ್ನ ಹಾಸಿಗಿಗೆ ಒತ್ತಿ ಐದು ಎಣಿಸಲಿ, ಹತ್ತು ಸಲ. ಆಮೇಲೆ ಕುರ್ಚಿ ಮ್ಯಾಲೆ ಕುಂತು ಪಾದವನ್ನ ನೆಲಕ್ಕ ತಾಗಿಸಿಕೊಂಡು ಹಿಂದಕ್ಕ ಜಾರಿಸಲಿ, ಎಡಗಾಲಿಂದ ಮೆಲ್ಲಕ ನೂಕಿಕೊಳ್ಳಲಿ. ತಾವೇ ಮಾಡಿದ್ರ ಅಂಜಿಕಿ ಕಡಿಮಿ. ನೀವು ಹಿಡಿದು ಜಗ್ಗಬ್ಯಾಡ್ರಿ, ಎಣ್ಣಿ ಹಚ್ಚಿ ಜೋರು ತಿಕ್ಕೋದೂ ಬ್ಯಾಡ. ಡಾಕ್ಟರ್ ಕೊಟ್ಟ ನೋವಿನ ಗುಳಗಿ ವ್ಯಾಯಾಮಕ್ಕ ಅರ್ಧ ತಾಸು ಮೊದಲು ಕೊಡ್ರಿ, ಮುಗಿದ ಮ್ಯಾಲೆ ಬಟ್ಟಿಯಾಗ ಸುತ್ತಿದ ಐಸ್ 15 ನಿಮಿಷ. ಮಾಡುವಾಗ ನೋವು ಬಂದು ತಾಸಿನೊಳಗ ಇಳದ್ರ ಚಲೋನೇ. ಮರುದಿನ ಮುಂಜಾನೆ ಬಾವು ಹೆಚ್ಚಾಗಿದ್ರ ಆವತ್ತು ಕಡಿಮಿ ಮಾಡ್ರಿ.

ಕುರ್ಚಿ ಮ್ಯಾಲೆ ಕುಂತಾಗ ಮೊಣಕಾಲಿಂದ ಕೆಳಗ ಕಾಲು ಗ್ವಾಡಿಯಂಗ ನೆಟ್ಟಗ ಇಳದ್ರ ಅದು 90 ಡಿಗ್ರಿ. ಆರು ವಾರಕ್ಕೂ ಅಷ್ಟು ಬರದಿದ್ರ ಆಪರೇಷನ್ ಮಾಡಿದ ಡಾಕ್ಟರ್‌ಗೆ ತೋರಿಸ್ರಿ. ಮಂಪರು ಕೊಟ್ಟು ಮಡಚಿ ಬಿಡಿಸೋದು ಐತಿ, ತಡ ಆದಷ್ಟು ಅದು ಕಷ್ಟ.

ಒಂದು ಮಾತು ಬ್ಯಾಸರ ಮಾಡ್ಕೋಬ್ಯಾಡ್ರಿ. ನೀರು, ತಾಟು, ಚಾ ಎಲ್ಲಾ ಅವ್ವನ ಹಾಸಿಗಿಗೇ ಬರತಿರಬೇಕು. ನೀರಿನ ಚಂಬು ಅಡಗಿಮನಿಯಾಗ ಇಡ್ರಿ, ವಾಕರ್ ಹಿಡಕೊಂಡು ಎದ್ದು ಹೋಗಿ ಕುಡೀಲಿ. ಐದೈದು ನಿಮಿಷದ ನಡಿಗಿ ದಿನಕ್ಕ ಐದಾರು ಸಲ, ಮೊದಲು ಹಿಮ್ಮಡ ಊರಬೇಕು. ವಾಕರ್ ಬಿಟ್ಟು ಕೋಲಿಗೆ ಬಂದಾಗ ಕೋಲು ಎಡಗೈಯಾಗ, ಆಪರೇಷನ್ ಕಾಲಿನ ಎದುರು ಕೈಯಾಗ ಇರಬೇಕು. ನಮ್ಮ ಕಡೆ ಬಿಸಲಿಗೆ ಹೊರಗ ನಡಿಯೋದು ಮುಂಜಾನೆ ಆರರೊಳಗ ಆದ್ರ ಚಲೋ.

ರೊಟ್ಟಿ ಬಡೀಬಹುದು, ಕಟ್ಟಿ ಮ್ಯಾಲೆ ಗ್ಯಾಸ್ ಇಟ್ಟು ನಿಂತು ಅಥವಾ ಎತ್ತರದ ಸ್ಟೂಲ್ ಮ್ಯಾಲೆ ಕುಂತು. ಕುಕ್ಕರಗಾಲಿಲೆ ಕುಂದ್ರೋದು ಬ್ಯಾಡ, ಪಾಯಖಾನಿಗೆ ಕಮೋಡ್ ಕುರ್ಚಿ ತರ್ರಿ. ಮೂರು ತಿಂಗಳಾದ ಮ್ಯಾಲೆ ಡಾಕ್ಟರ್ ಒಪ್ಪಿದ್ರ ಬದುವಿನ ಮ್ಯಾಲೆ ನಡದು ಹೊಲ ನೋಡಿ ಬರ್ಲಿ. ಕೆಸರಿಗೆ ಇಳದು ನಾಟಿ ಮಾತ್ರ ಬ್ಯಾಡ. ಹೇಳಾಕ ನನಗೂ ಸಂಕಟ ಆಗತೈತಿ, ಅಷ್ಟು ವರ್ಷ ಅದೇ ಅವರ ಬದುಕಾಗಿತ್ತು.

ಮೀನಖಂಡ ಬಿಗಿದು ಬಾತು ನೋವಾದ್ರ, ನಡುಕ ಜ್ವರ ಬಂದ್ರ, ಗಾಯದಿಂದ ನೀರು ಸುರಿದ್ರ ಅವತ್ತೇ ಡಾಕ್ಟರ್ ಹತ್ರ. ಎದಿನೋವು, ಒಮ್ಮಿಂದೊಮ್ಮೆ ಉಸಿರು ಕಟ್ಟಿದ್ರ ನೇರ ತುರ್ತು ಆಸ್ಪತ್ರಿಗೆ. ಅದು ಹೆಪ್ಪುಗಟ್ಟಿದ ರಕ್ತ ಇರಬಹುದು.

ಮಗಳು:
ಗಾಯದ ಹೊರಮಗ್ಗಲು ಮುಟ್ಟಿದ್ರ ಗೊತ್ತಾಗಂಗಿಲ್ಲ ಅಂತಾಳ. ಕಾಲು ಬೆಚ್ಚಗೂ ಐತಿ. ಟಕ್ ಅಂತೈತಿ.

ಉತ್ತರ:
ಚರ್ಮದ ಸಣ್ಣ ನರ ಕಡದಿರತಾವ, ಜೋಮು ನಿಧಾನಕ್ಕ ಕಡಿಮಿ ಆಗತೈತಿ, ಒಂದಿಷ್ಟು ಉಳಿಲೂಬಹುದು. ಅಲ್ಲಿ ಬಿಸಿ ಶಾಖ ಕೊಡಬ್ಯಾಡ್ರಿ, ಸುಟ್ರೂ ಗೊತ್ತಾಗಂಗಿಲ್ಲ. ಬೆಚ್ಚಗಿರೋದು ತಿಂಗಳುಗಟ್ಟಲೆ ಇರತೈತಿ, ಕೆಂಪಾಗೋದು, ಜ್ವರ ಬರೋದು ಇಲ್ಲಂದ್ರ ಸರಿ. ಟಕ್ ಅನ್ನೋದು ಹೊಸ ಕೀಲಿನ ಲೋಹ ಅದರದೇ ಪ್ಲಾಸ್ಟಿಕ್ಕಿಗೆ ತಾಗಿದ್ದು.

ಪ್ರಶ್ನೆ (ಸಿಂಧನೂರು):
ಅಪ್ಪಗ ಆಪರೇಷನ್ ಆಗಿ ಮೂರು ತಿಂಗಳು, ಆರಾಮ ನಡೀತಾರ. ಅಂಜನಾದ್ರಿ ಏರತೀನಿ ಅಂತ ಹಟ.

ಉತ್ತರ:
ಆ ಹಟ ಚಲೋದು, ಅದನ್ನ ಕೆಡಿಸಬ್ಯಾಡ್ರಿ. ಆದ್ರ ಸುಮಾರು 575 ಮೆಟ್ಟಿಲು ಅವು, ಏರೋದಕ್ಕಿಂತ ಇಳಿಯೋದು ಮೊಣಕಾಲಿಗೆ ಭಾರ. ಮೊದಲು ಮನಿ ಮೆಟ್ಟಿಲು ಆಗಲಿ. ಏರುವಾಗ ಚಲೋ ಕಾಲು ಮುಂದ, ಇಳಿಯುವಾಗ ಆಪರೇಷನ್ ಕಾಲು ಮುಂದ. ಮಾಮೂಲಿನಂಗ ಎರಡು ಮಾಳಗಿ ಏರಿಳದು ಮರುದಿನ ಬಾವು ಬರದಿದ್ರ, ಆರು ತಿಂಗಳಾದ ಮ್ಯಾಲೆ ಡಾಕ್ಟರ್ ಕೇಳಿ ಕರಕೊಂಡು ಹೋಗ್ರಿ. ಚಳಿಗಾಲದ ಮುಂಜಾನೆ, ಸರಳು ಹಿಡಕೊಂಡು.

ಮಗಳು:
ದಿಂಬು ತಗದೀವ್ರಿ ಮೇಡಂ. ಬಯ್ಯಾಕತ್ಯಾಳ, ಆದ್ರ ಅಡಗಿಮನಿ ತನಕ ಎರಡು ಸಲ ಹೋಗಿ ಬಂದ್ಲು.

ಉತ್ತರ:
ಬಯ್ಯಲಿ ಬಿಡ್ರಿ. ಶುಕ್ರವಾರ ಕುರ್ಚಿ ಮ್ಯಾಲೆ ಕುಂತಾಗ ಮಗ್ಗಲಿಂದ ಒಂದು ಫೋಟೋ ತಗದು ಕಳಸ್ರಿ, ಎಷ್ಟು ಮಡಚೈತಿ ನೋಡ್ತೀನಿ.