ಡೀಸೆಲ್ ಗಾಡಿ ಎಳಿಯವಲ್ದು, ಪಿ0101 ಕೋಡ್: ಏರ್‌ಫ್ಲೋ ಸೆನ್ಸರ್ ಹೋಗೇತಿ ಅಂತ ಖಾತ್ರಿ ಮಾಡೋದು ಹೆಂಗ?

ಖಾನಾಪುರ_ರೋಡ್ (ಬೆಳಗಾವಿ)
1.3 ಲೀಟರ್ ಟರ್ಬೊ ಡೀಸೆಲ್, 1248 ಸಿಸಿ, 1.1 ಲಕ್ಷ ಕಿ.ಮೀ. ಓಡೇತಿ. ಚೋರ್ಲಾ ಘಾಟ್ ಏರಿನ್ಯಾಗ 2000 ಆರ್‌ಪಿಎಂ ದಾಟಿದ್ರೂ ಎಳಿಯಂಗಿಲ್ಲ. ಕರಿ ಹೊಗಿ ಇಲ್ಲ. ಚೆಕ್ ಎಂಜಿನ್ ಲೈಟ್ ಹತ್ತೇತಿ, ಕೋಡ್ ಪಿ0101. ಗ್ಯಾರೇಜಿನವ್ರು ಸೀದಾ ಮಾಸ್ ಏರ್‌ಫ್ಲೋ ಸೆನ್ಸರ್ (ಎಂಜಿನ್ ಒಳಗ ಹೋಗೋ ಗಾಳಿ ಎಣಿಸೋದು) ಬದಲಿ ಮಾಡ್ರಿ ಅಂತಾರ. ರೊಕ್ಕಾ ಹಾಕೂಕಿಂತ ಮೊದ್ಲ ಏನೇನ್ ನೋಡ್ಬೇಕ್ರಿ?

ಘಟಪ್ರಭಾ_ದಂಡಿ (ಬಾಗಲಕೋಟಿ)
ಪಿ0101 ಅಂದ್ರ ಸೆನ್ಸರ್ ಸತ್ತೈತಿ ಅಂತ ಅಲ್ರಿ. ಅದು ಹೇಳೋ ಗಾಳಿ ಇಸಿಯು (ಎಂಜಿನ್ ಕಂಪ್ಯೂಟರ್) ಲೆಕ್ಕಕ್ಕ ತಾಳಿ ಬೀಳವಲ್ದು ಅಂತ, ಅಷ್ಟ. ವೈರ್ ಹರಿದಿದ್ರ ಸಾಮಾನ್ಯ ಪಿ0102 ಇಲ್ಲಾ ಪಿ0103 ಬರತಿತ್ತು.

ಹೊಗಿ ಇಲ್ಲ ಅಂದ್ರಲ್ಲ, ಅದು ದೊಡ್ಡ ಸುಳಿವು. ಸೆನ್ಸರ್ ಗಾಳಿ ಕಡಿಮಿ ತೋರಿಸಿದ್ರ ಹೊಗಿ ಆಗಬಾರದು ಅಂತ ಇಸಿಯು ಡೀಸೆಲ್ ಕಡಿತ ಮಾಡತೈತಿ. ಟರ್ಬೊದಿಂದ ಎಂಜಿನ್‌ಗೆ ಗಾಳಿ ಒಯ್ಯೋ ಇಂಟರ್‌ಕೂಲರ್ ಪೈಪ್ ಸೀಳಿದ್ರ ಉಲ್ಟಾ: ಎಣಿಸಿದ ಗಾಳಿ ಹೊರಗ ಸೋರತೈತಿ, ಡೀಸೆಲ್ ಪೂರ್ತಿ ಬೀಳತೈತಿ, ಕರಿ ಹೊಗಿ ಏಳತೈತಿ.

ಈಗ ಲೆಕ್ಕ ಹಾಕ್ರಿ. ಬ್ಲೂಟೂತ್ ಒಬಿಡಿ ಡಾಂಗಲ್ (ಸೆನ್ಸರ್ ನಂಬರ್ ಮೊಬೈಲಿನ್ಯಾಗ ತೋರಿಸೋದು) ಹಚ್ಚಿ, ಎಂಜಿನ್ ಬಿಸಿ ಆದ ಮ್ಯಾಲ 800 ಆರ್‌ಪಿಎಂ ಐಡಲ್‌ನ್ಯಾಗ ಏರ್‌ಫ್ಲೋ ನೋಡ್ರಿ. ಎರಡು ಸುತ್ತಿಗೊಮ್ಮೆ ಸಿಲಿಂಡರ್ ಎಲ್ಲಾ ತುಂಬತಾವು; ನಿಮಿಷಕ್ಕ 400 ಸಲ 1.248 ಲೀಟರ್ ಅಂದ್ರ ಸುಮಾರು 500 ಲೀಟರ್ ಗಾಳಿ. ಬೆಳಗಾವಿ ಎತ್ತರಕ್ಕ ಲೀಟರಿಗೆ 1.1 ಗ್ರಾಂ ಹಿಡದ್ರ ಸೆಕೆಂಡಿಗೆ 9 ಗ್ರಾಂ. ಸಿಲಿಂಡರ್ ಪೂರ್ತಿ ತುಂಬಂಗಿಲ್ಲಲ್ಲ, 7–8 ಬಂದ್ರ ಸರಿ. ಆದ್ರ ಇಜಿಆರ್ ವಾಲ್ವ್ (ಸುಟ್ಟ ಹೊಗಿ ಸ್ವಲ್ಪ ತಿರುಗಿ ಎಂಜಿನ್‌ಗೆ ಬಿಡೋದು) ಓಪನ್ ಇದ್ದಾಗ 4–5 ಇರೋದೂ ಸಹಜ. ಅದಕ್ಕ ಆ ವಾಲ್ವ್ ಮುಚ್ಚೂಹಂಗ ಅದರ ಕನೆಕ್ಟರ್ ಬಿಚ್ಚಿ ನೋಡ್ರಿ. ಆಗೂ 4–5ಕ್ಕ ನಿಂತ್ರ ಸೆನ್ಸರ್ ಕಡಿಮಿ ಎಣಸ್ತೈತಿ, ಇಲ್ಲಾ ವಾಲ್ವ್ ಕಾರ್ಬನ್ ಹಿಡದು ಓಪನ್ ಆಗೇ ಕುಂತೈತಿ.

ಇವೆರಡನ್ನ ಬ್ಯಾರೆ ಮಾಡೋದು ಏರಿನ್ಯಾಗ. 3ನೇ ಗೇರ್, ಪೂರ್ತಿ ಆಕ್ಸಿಲರೇಟರ್, 3000 ಆರ್‌ಪಿಎಂ; ಪಕ್ಕದಾಗ ಕುಂತವ್ರು ನಂಬರ್ ನೋಡ್ಲಿ. ಟರ್ಬೊ ಇಲ್ದನೂ ಸೆಕೆಂಡಿಗೆ 30 ಗ್ರಾಂ ಬರಬೇಕು, ಟರ್ಬೊ ತುಂಬಿದ್ರ 45 ದಾಟಬೇಕು. ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗೋ ಗಾಳಿ ಒತ್ತಡ ಅಳಿಯೋದು) 180 ಕೆಪಿಎ ತೋರಿಸಿ ಏರ್‌ಫ್ಲೋ 30ರಾಗ ನಿಂತ್ರ ತಪ್ಪು ಬಹುಶಃ ಏರ್‌ಫ್ಲೋ ಸೆನ್ಸರಿಂದ. ಎರಡೂ ಕಡಿಮಿ ಇದ್ರ ಇಜಿಆರ್ ವಾಲ್ವ್, ಫಿಲ್ಟರ್, ಟರ್ಬೊ ಕಡೆ ಹೋಗ್ರಿ.

ಗುಮ್ಮಟನಗರಿ (ವಿಜಯಪುರ)
ಮೇಲಿನ ಲೆಕ್ಕ ಸರಿ ಅದ. ಕೆಲವ್ರು ಸೆನ್ಸರ್ ಕನೆಕ್ಟರ್ ಕಿತ್ತು ಓಡಿಸಿ, ಪಿಕಪ್ ಬಂತು ಅಂದ್ರ ಸೆನ್ಸರ್ ಹೋಗ್ಯದ ಅಂತಾರ. ಡೀಸೆಲ್‌ಗೆ ಅದೊಂದ ಪುರಾವೆ ಸಾಲಂಗಿಲ್ಲ. ಕಿತ್ತಾಗ ಇಜಿಆರ್ ಸೈತ ಬಂದ್ ಆಗ್ತದ, ಪಿಕಪ್ ಅದರಿಂದನೂ ಬಂದಿರಬಹುದು.

ಹೊಸಾದು ತರೂಕಿಂತ ಮೊದ್ಲ ತೊಳೀರಿ. ನಮ್ಮ ಕಡಿ ಎರಿ ಮಣ್ಣಿನ ಧೂಳಿ ಹಿಟ್ಟಿನಷ್ಟು ನುಣ್ಣಗ. ಏರ್ ಫಿಲ್ಟರ್ ಬಾಕ್ಸಿನ ಒಂದ ಕ್ಲಿಪ್ ಸಡಿಲ ಇದ್ರೂ ಒಳಗ ಹೋಗಿ ಸೆನ್ಸರಿನ ಬಿಸಿ ಫಿಲ್ಮ್ (ಗಾಳಿ ಎಷ್ಟು ತಂಪು ಮಾಡ್ತದ ಅನ್ನೋದರ ಮ್ಯಾಲ ಗಾಳಿ ಎಣಿಸೋ ಪಟ್ಟಿ) ಮ್ಯಾಲ ಪದರ ಕಟ್ತದ. ಶಾಖ ಗಾಳಿಗೆ ಬಿಡಂಗಿಲ್ಲ, ಗಾಳಿ ಕಡಿಮಿ ಅಂತ ತೋರಿಸ್ತದ. ಎಣ್ಣಿ ಹಚ್ಚೋ ಕಾಟನ್ ಫಿಲ್ಟರ್ ಇದ್ರ ಇನ್ನೂ ಲಗೂನ.

ಕೀ ತಗದು ಸೆನ್ಸರ್ ಬಿಚ್ರಿ. ಮಾಸ್ ಏರ್‌ಫ್ಲೋ ಕ್ಲೀನರ್ ಸ್ಪ್ರೇ ಮಾತ್ರ, ಸ್ವಲ್ಪ ದೂರದಿಂದ 10–15 ಸಲ. ಪೂರ್ತಿ ಒಣಗೋ ತನಕ ಕೂಡಿಸಬ್ಯಾಡ್ರಿ. ಕಾರ್ಬ್ಯುರೇಟರ್ ಕ್ಲೀನರ್, ಅರಬಿ, ಕಂಪ್ರೆಸರ್ ಗಾಳಿ ಯಾವುದೂ ಬ್ಯಾಡ, ಫಿಲ್ಮ್ ಹಾಳಾಗ್ತದ. ಕನೆಕ್ಟರಿನ್ಯಾಗ ಕೀ ಆನ್ ಇದ್ದಾಗ 12 ವೋಲ್ಟ್ ಬರ್ತದೇನು, ಗ್ರೌಂಡ್ ವೈರಿನ್ಯಾಗ ಕಳಿಯೋ ವೋಲ್ಟೇಜ್ 0.1 ವೋಲ್ಟ್ ಒಳಗ ಅದೇನು ಅಂತ ಮೀಟರ್ ಹಿಡೀರಿ.

ಖಾನಾಪುರ_ರೋಡ್ (ಬೆಳಗಾವಿ)
ಭಾಳ ಉಪಕಾರ ಆತ್ರಿ. ಪೆಟ್ರೋಲ್ ಗಾಡಿಗೂ ಇದ ಲೆಕ್ಕಾನ?

ಘಟಪ್ರಭಾ_ದಂಡಿ (ಬಾಗಲಕೋಟಿ)
ಅಲ್ರಿ, ಅಲ್ಲಿ ಥ್ರಾಟಲ್ ಗಾಳಿ ತಡೀತೈತಿ. 1.2 ಲೀಟರ್ ಪೆಟ್ರೋಲ್ ಐಡಲ್‌ನ್ಯಾಗ 2 ಗ್ರಾಂ ಆಸುಪಾಸು. ಜೊತಿಗೆ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲ್ ಎಷ್ಟು ಹೆಚ್ಚು ಕಡಿಮಿ ಮಾಡೇತಿ ಅನ್ನೋದು) ನೋಡ್ರಿ: ವೇಗ ಹೆಚ್ಚಿದಂಗ ಪ್ಲಸ್ ಶೇ. 10 ದಾಟಿದ್ರ ಸೆನ್ಸರ್ ಇಲ್ಲಾ ಫ್ಯುಯಲ್ ಪಂಪ್ ಮ್ಯಾಲ ಸಂಶಯ, ಐಡಲ್‌ನ್ಯಾಗ ಮಾತ್ರ ಹೆಚ್ಚಿದ್ರ ಎಲ್ಲೋ ಗಾಳಿ ಸೋರಿಕಿ. ಎಷ್ಟೋ ಸಣ್ಣ ಪೆಟ್ರೋಲ್ ಗಾಡಿಗೆ ಏರ್‌ಫ್ಲೋ ಸೆನ್ಸರ್ ಇರಂಗನ ಇಲ್ಲ, ಬರೀ ಮ್ಯಾಪ್; ಮೊದ್ಲ ಫಿಲ್ಟರ್ ಬಾಕ್ಸ್ ದಾಟಿ ಪೈಪಿನ ಮ್ಯಾಲ ಕನೆಕ್ಟರ್ ಐತೇನ್ ನೋಡ್ರಿ.

ನಿಮ್ಮ ಗಾಡಿಗೆ ಬದಲಿ ಮಾಡೋದ ಬಂದ್ರ, ಹಳೇದರ ಮ್ಯಾಲಿನ ಪಾರ್ಟ್ ನಂಬರ್ ಅಕ್ಷರ ಸೈತ ಕೂಡಿಸಿ ತರ್ರಿ, ಬಾಡಿ ಮ್ಯಾಲಿನ ಬಾಣ ಎಂಜಿನ್ ಕಡೆ ಇರಲಿ.