‘ವರ್ಣಭೇದ’ದಲ್ಲಿ ‘ಬೇರೆ’ ಎಲ್ಲಿದೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಬಿಡಿಸಿ. ದಕ್ಷಿಣ ಆಫ್ರಿಕಾದ ಹೋರಾಟದ ಬಗ್ಗೆ ಮಕ್ಕಳಿಗಾಗಿ ಪುಟ್ಟ ಪುಸ್ತಕವೊಂದನ್ನು ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ‘ವರ್ಣಭೇದ ನೀತಿ’ ಅಂತ ಬರೆದೆ. ನಾವೆಲ್ಲ ಪತ್ರಿಕೆಯಲ್ಲಿ ಓದುತ್ತಾ ಬೆಳೆದ ಪದ ತಾನೆ. ಏಳನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ ಓದಲು ಕೊಟ್ಟೆ. “ಮಾಮ, ಭೇದ ಅಂದ್ರೆ ವ್ಯತ್ಯಾಸ ಅಲ್ವಾ? ಬಣ್ಣದಲ್ಲಿ ವ್ಯತ್ಯಾಸ ಇದ್ದೇ ಇರುತ್ತೆ. ಅದಕ್ಯಾಕೆ ಮಂಡೇಲಾ 27 ವರ್ಷ ಜೈಲಲ್ಲಿದ್ರು?” ಅಂದಳು. ತಕ್ಷಣ ಉತ್ತರ ಹೊಳೆಯಲಿಲ್ಲ.

ಮೂಲ ಪದವಾದ ‘ಅಪಾರ್ಥೀಡ್’ಗೇ ಹೋಗಿ ನೋಡಿದೆ. 1948ರಲ್ಲಿ ಡಿ.ಎಫ್. ಮಲಾನ್ ಅವರ ನ್ಯಾಷನಲ್ ಪಾರ್ಟಿ ಎಂಬ ಅಲ್ಲಿನ ಬಿಳಿಯರ ಪಕ್ಷ ಈ ಪದವನ್ನೇ ಮುಂದಿಟ್ಟುಕೊಂಡು ಚುನಾವಣೆ ಗೆದ್ದಿತು. ಪದ ಡಚ್ಚಿನಿಂದ ಹುಟ್ಟಿದ ಅಲ್ಲಿನ ಆಫ್ರಿಕಾನ್ಸ್ ಭಾಷೆಯದು. ನಮ್ಮಲ್ಲಿ ಅಪಾರ್ಥೀಡ್, ಅಪಾರ್ಥೈಡ್ ಅಂತೆಲ್ಲ ಬರೆಯುತ್ತಾರೆ. ಆದರೆ ಅದರಲ್ಲಿ ‘ಥ’ ಇಲ್ಲವೇ ಇಲ್ಲ. ‘ಟ್’ ಬೇರೆ, ‘ಹ’ ಬೇರೆ. ಅಪಾರ್ಟ್-ಹೆಯ್ಟ್. ‘ಅಪಾರ್ಟ್’ ಅಂದರೆ ಬೇರೆ. ‘ಹೆಯ್ಟ್’ ಅನ್ನೋದು ನಮ್ಮ ‘ತನ’ ಇದ್ದ ಹಾಗೆ. ದೊಡ್ಡತನ, ಜಾಣತನ, ಹಾಗೇ ‘ಬೇರೆತನ’. ಅಷ್ಟೇ!

ನನಗೆ ಇಲ್ಲೇ ಅಚ್ಚರಿಯಾಗಿದ್ದು. ಅವರ ಪದದಲ್ಲಿ ಬಣ್ಣವೇ ಇಲ್ಲ, ಬರೀ ‘ಬೇರೆ’ ಇದೆ. ನಮ್ಮ ಪದದಲ್ಲಿ ಬಣ್ಣ ಇದೆ, ‘ಬೇರೆ’ ಕಾಣಿಸೋದಿಲ್ಲ. ಆದರೆ ಅಲ್ಲಿ ನಡೆದದ್ದು ಮುಖ್ಯವಾಗಿ ಬೇರೆ ಮಾಡುವ ಕೆಲಸವೇ. 1950ರ ಒಂದು ಕಾನೂನು ಪ್ರತಿಯೊಬ್ಬರನ್ನೂ ಇಂಥ ಗುಂಪಿನವರು ಅಂತ ದಾಖಲೆ ಮಾಡಿತು. ಅದೇ ವರ್ಷದ ಇನ್ನೊಂದು ಕಾನೂನು ಯಾವ ಗುಂಪು ಎಲ್ಲಿ ವಾಸ ಮಾಡಬೇಕು ಅಂತ ಗೆರೆ ಎಳೆಯಿತು. 1953ರಲ್ಲಿ ಬೆಂಚು, ಬೀಚು, ಬಸ್ಸು, ಕಕ್ಕಸು ಎಲ್ಲ ಬೇರೆ ಬೇರೆ ಆದವು. ಕೇಪ್ ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯನ್ನು 1966ರಲ್ಲಿ ‘ಬಿಳಿಯರ ಜಾಗ’ ಅಂತ ಘೋಷಿಸಿ, ಮುಂದಿನ ವರ್ಷಗಳಲ್ಲಿ ಸುಮಾರು 60,000 ಜನರನ್ನು ಎಬ್ಬಿಸಿ ಮನೆಗಳನ್ನು ನೆಲಸಮ ಮಾಡಿದರು. ಗಿರಾಕಿಯ ಮುಖ ನೋಡಿ ಅಂಗಡಿಯವನು ಸಿಡುಕಿದರೆ ಅದನ್ನು ಭೇದಭಾವ ಅನ್ನಬಹುದು. ಸರ್ಕಾರ ಬುಲ್ಡೋಜರ್ ತಂದರೂ ಅದೇ ಪದ ಸಾಕಾ?

ಹಾಗಾದರೆ ‘ಬೇರೆತನ’ ಅಂತಲೇ ಬರೆಯೋಣ ಅಂದುಕೊಂಡೆ. ಅಕ್ಕನ ಮಗಳು “ಅದೇನು ಕೆಟ್ಟದ್ದಾ? ನಾನೂ ಬೇರೆ ತರಾನೇ ಇದ್ದೀನಲ್ಲ” ಅಂದಳು. ಅವಳ ಮಾತು ಸರಿ. ಮೂಲ ಪದದ ಕುತಂತ್ರವೂ ಇದೇ ಅನಿಸುತ್ತೆ. ಯಾರು ಯಾರನ್ನು ಬೇರೆ ಮಾಡಿದರು ಅನ್ನೋದನ್ನು ಅದು ಹೇಳೋದೇ ಇಲ್ಲ.

ಕನ್ನಡದಲ್ಲಿ ಈ ವ್ಯತ್ಯಾಸ ತೋರಿಸೋದು ಸುಲಭ. ‘ಅಣ್ಣತಮ್ಮಂದಿರು ಬೇರೆಯಾದರು’ ಅಂತೀವಿ. ಅಲ್ಲಿ ಪಂಚರು ಕೂತಿರುತ್ತಾರೆ, ಪಾಲು ಆಗಿರುತ್ತೆ. ‘ಬೇರ್ಪಡಿಸಿದರು’ ಅಂದರೆ ಮಾತೇ ಬೇರೆ. ‘ಇಸು’ ಬಂದ ಕೂಡಲೇ ಮಾಡಿದವರು ಯಾರು ಅಂತ ಹುಡುಕಬೇಕಾಗುತ್ತೆ. 1958ರಿಂದ 1966ರವರೆಗೆ ಪ್ರಧಾನಿಯಾಗಿದ್ದ ಫರ್ವೂರ್ಟ್, ತಮ್ಮದು ಒಳ್ಳೆಯ ನೆರೆಹೊರೆಯವರಾಗಿ ಬಾಳುವ ನೀತಿ ಅಂತ ನಗುನಗುತ್ತಾ ವಿವರಿಸಿದ್ದರು. ‘ಬೇರ್ಪಡಿಸಿದ್ದನ್ನು’ ‘ಬೇರೆಯಾಗಿದ್ದು’ ಅಂತ ತೋರಿಸುವ ಆಟ. ಆದರೆ ಪಾಲು ನೋಡಿ: 1913 ಮತ್ತು 1936ರ ಕಾನೂನುಗಳ ಪ್ರಕಾರ, ಜನಸಂಖ್ಯೆಯ ಮೂರರಲ್ಲಿ ಎರಡು ಭಾಗಕ್ಕಿಂತ ಜಾಸ್ತಿ ಇದ್ದ ಆಫ್ರಿಕನ್ನರಿಗೆ ಬಿಟ್ಟದ್ದು ಸುಮಾರು ಶೇ. 13 ನೆಲ. ಯಾವ ಪಂಚಾಯ್ತಿ ಇದನ್ನು ಪಾಲು ಅಂತ ಒಪ್ಪುತ್ತೆ!

‘ಭೇದ’ದ ಪರವಾಗಿ ವಾದ ಮಾಡುವವರು ಇದ್ದೇ ಇರುತ್ತಾರೆ, ಅವರ ಮಾತನ್ನು ನಾನೇ ಹೇಳಿಬಿಡುತ್ತೇನೆ. ಭೇದದ ಮೂಲ ಅರ್ಥ ಸೀಳು, ಒಡೆ. ‘ಕೋಟೆ ಭೇದಿಸಿದರು’ ಅನ್ನುವಲ್ಲಿ ಅದೇ ಅರ್ಥ. ‘ಪಂಕ್ತಿಭೇದ’ ಅಂದರೆ ಊಟಕ್ಕೆ ಬೇರೆ ಸಾಲಿನಲ್ಲಿ ಕೂರಿಸುವುದು. ಅಲ್ಲಿ ಭೇದ ಅಂದರೆ ಸುಮ್ನೆ ವ್ಯತ್ಯಾಸ ಅಲ್ಲ, ಮನಸ್ಸಿನ ಭಾವನೆಯೂ ಅಲ್ಲ. ನೀನು ಇಲ್ಲಿ, ನಾನು ಅಲ್ಲಿ ಅಂತ ಜಾಗ ತೋರಿಸುವುದು. ಅಂದರೆ ಈ ಕೆಲಸಕ್ಕೆ ಬೇಕಾದ ಮಾತು ನಮ್ಮ ಹತ್ತಿರ ಬೇಕಾದಷ್ಟಿದೆ: ಬೇರೆ ಲೋಟ, ಊರಾಚೆಯ ಕೇರಿ, ಬೇರೆ ಬಾವಿ. ಯಾಕಿದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ‘ವರ್ಣ’ ಅಂದ ಕೂಡಲೇ ನಮಗೆ ಬಣ್ಣಕ್ಕಿಂತ ಮೊದಲು ನಾಲ್ಕು ವರ್ಣ ನೆನಪಾಗುವುದೂ ಅದಕ್ಕೇ ತಾನೆ? (ಅಂದಹಾಗೆ, ಅದು ‘ಭೇದ’, ‘ಬೇಧ’ ಅಲ್ಲ. ಶಾಲೆಯ ಗೋಡೆಗಳಿಂದ ಹಿಡಿದು ಟಿವಿ ತನಕ ಎಲ್ಲ ಕಡೆ ತಪ್ಪು ಕಾಣಿಸುತ್ತೆ.)

‘ಜನಾಂಗೀಯ ಪ್ರತ್ಯೇಕತೆ’ ಅಂತ ಕೆಲವರು ಬರೆಯುತ್ತಾರೆ, ಅಮೆರಿಕದ ಕಥೆ ಬಂದಾಗಂತೂ ಜಾಸ್ತಿ. ಅಲ್ಲಿ 1896ರಲ್ಲಿ ಸುಪ್ರೀಂ ಕೋರ್ಟು ‘ಬೇರೆ ಆದರೂ ಸಮ’ ಅನ್ನುವ ವಾದಕ್ಕೆ ಒಪ್ಪಿಗೆಯ ಮುದ್ರೆ ಹಾಕಿತು. ಶಾಲೆಗಳ ಮಟ್ಟಿಗೆ ಅದನ್ನು ಅಳಿಸಿದ್ದು 1954ರಲ್ಲಿ. ಮರುವರ್ಷ ಮಾಂಟ್ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಎಂಬ ಕಪ್ಪು ಮಹಿಳೆ ಬಿಳಿಯರಿಗೆ ಬಸ್ಸಿನ ಸೀಟು ಬಿಡಲಿಲ್ಲ, ಊರಿನ ಕಪ್ಪು ಜನ 381 ದಿನ ಬಸ್ಸು ಹತ್ತಲಿಲ್ಲ. ಇಷ್ಟೆಲ್ಲ ಆದ ಮೇಲೆ ಅದಕ್ಕೆ ‘ಪ್ರತ್ಯೇಕತೆ’ ಅಂದರೆ ನನಗೆ ‘ಪ್ರತ್ಯೇಕತಾವಾದಿ’ ನೆನಪಾಗುತ್ತಾನೆ. ತಾನಾಗಿ ಬೇರೆ ಹೋಗುತ್ತೇನೆ ಅನ್ನುವವನು. ಅರ್ಥ ತಲೆಕೆಳಗಾಯಿತಲ್ಲ!

ಇನ್ನು ‘ಜನಾಂಗ’. ನಮ್ಮ ಕಡೆ ‘ನಮ್ಮ ಜನಾಂಗದವರು’ ಅಂದರೆ ಜಾತಿ. ‘ಯುವ ಜನಾಂಗ’ ಅಂದರೆ ತಲೆಮಾರು. ಈ ಪದದ ಹತ್ತಿರವೇ ದಕ್ಷಿಣ ಆಫ್ರಿಕಾದ ಹೋರಾಟಗಾರ ರಾಬರ್ಟ್ ಸೊಬುಕ್ವೆ ನನ್ನನ್ನು ನಿಲ್ಲಿಸಿದರು. 1959ರಲ್ಲಿ ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಎಂಬ ಹೋರಾಟದ ಪಕ್ಷ ಕಟ್ಟಿದಾಗ ಅವರು ‘ಹಲವು ಜನಾಂಗಗಳ ಸಮಾಜ’ ಎಂಬ ಮಾತನ್ನೇ ಒಪ್ಪಲಿಲ್ಲ. ಇರುವುದು ಮನುಷ್ಯ ಜನಾಂಗ ಒಂದೇ, ‘ಹಲವು’ ಅಂದರೆ ಸರ್ಕಾರದ ಲೆಕ್ಕವನ್ನೇ ನಾವೂ ಒಪ್ಪಿದ ಹಾಗೆ ಅನ್ನುವುದು ಅವರ ವಾದ. ಹೋರಾಟಕ್ಕಾಗಿ ಜೈಲಿಗೆ ಹೋದ ಅವರನ್ನು, ಶಿಕ್ಷೆಯ ಅವಧಿ ಮುಗಿದ ಮೇಲೂ ಅವರೊಬ್ಬರಿಗಾಗಿಯೇ ಕಾನೂನು ಮಾಡಿ, ವರ್ಷ ವರ್ಷ ಅದನ್ನು ಮುಂದುವರಿಸಿ, 1969ರವರೆಗೆ ರಾಬೆನ್ ದ್ವೀಪದಲ್ಲಿ ಇಟ್ಟರು. ಬೇರೆ ಕೈದಿಗಳ ಜತೆ ಮಾತು ಕೂಡ ಆಡದ ಹಾಗೆ, ಒಂಟಿ ಮನೆಯಲ್ಲಿ. ಜೈಲಿನೊಳಗೂ ‘ಬೇರೆ’.

ಕೊನೆಯ ತೊಡಕು ಜನರ ಹೆಸರಿನದು. ಅಮೆರಿಕದಲ್ಲಿ ಹಿಂದೆ ‘ಕಲರ್ಡ್’ ಅಂದರೆ ಕಪ್ಪು ಜನ. ದಕ್ಷಿಣ ಆಫ್ರಿಕಾದಲ್ಲಿ ಅದು ಮಿಶ್ರ ಮೂಲದವರ ಗುಂಪಿನ ಹೆಸರು, ಆಫ್ರಿಕನ್ನರು ಬೇರೆ, ಭಾರತೀಯರು ಬೇರೆ. ಎರಡಕ್ಕೂ ‘ವರ್ಣೀಯರು’ ಅಂದರೆ ಓದುಗರು ದಾರಿ ತಪ್ಪುತ್ತಾರೆ. ನಾನು ‘ಕಲರ್ಡ್’ ಅಂತಲೇ ಇಟ್ಟಿದ್ದೇನೆ. ‘ಬಿಳಿಯರಲ್ಲದವರು’ ಅಂತ ಬರೆಯೋಣವೇ ಅಂದರೆ, ಅಲ್ಲಿನ ಬೋರ್ಡುಗಳಲ್ಲಿ ಇದ್ದದ್ದೇ ಅದು. ಅಲ್ಲಿನ ಹೋರಾಟಗಾರ ಸ್ಟೀವ್ ಬೀಕೊ ಆ ಪದವನ್ನು ಕಿತ್ತೆಸೆದು, ಆಫ್ರಿಕನ್ನರು, ಕಲರ್ಡ್, ಭಾರತೀಯರು ಮೂವರೂ ತಲೆಯೆತ್ತಿ ‘ನಾವು ಕಪ್ಪು’ ಅನ್ನಬೇಕು ಅಂದರು. 1976ರಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ನ್ಯಾಯಾಧೀಶರು, ನೀವು ಕಂದು ಬಣ್ಣದವರಲ್ಲವೇ, ಕಪ್ಪು ಅಂತ ಯಾಕೆ ಅನ್ನುತ್ತೀರಿ ಅಂತ ಕೇಳಿದರು. ಬಿಳಿಯರೂ ಬಿಳಿ ಅಲ್ಲವಲ್ಲ, ಗುಲಾಬಿ, ಹಳದಿ ಅಂತ ಬೀಕೊ ಉತ್ತರ ಕೊಟ್ಟರು! ಮರುವರ್ಷ ಸೆಪ್ಟೆಂಬರ್ 12ರಂದು ಪೊಲೀಸರ ವಶದಲ್ಲಿದ್ದಾಗಲೇ ತೀರಿಕೊಂಡರು. ವಯಸ್ಸು 30.

ಬೀಕೊ ಹೇಳಿದ ‘ಕಪ್ಪು’ಗೆ ‘ಕರಿಯರು’ ಅನ್ನಲೋ, ‘ಕಪ್ಪು ಜನ’ ಅನ್ನಲೋ? ಕರಿಯಪ್ಪ, ಕರಿಯಮ್ಮ ನಮ್ಮಲ್ಲಿ ಗೌರವದ ಹೆಸರುಗಳೇ. ಆದರೆ ‘ಏ ಕರಿಯ’ ಅಂದರೆ ಬೈಗುಳ. ನಾನು ಸದ್ಯಕ್ಕೆ ‘ಕಪ್ಪು ಜನ’ ಅಂತ ಬರೆದಿದ್ದೇನೆ.

ಶೀರ್ಷಿಕೆಗೆ ‘ಬೇರ್ಪಡಿಸುವ ನೀತಿ’ ಅಂತ ಹಾಕಿ, ಒಳಗೆ ಒಂದು ಕಡೆ ‘ಇದನ್ನೇ ವರ್ಣಭೇದ ನೀತಿ ಅನ್ನುತ್ತಾರೆ’ ಅಂತ ಸೇರಿಸುವ ಯೋಚನೆ. ‘ಬೇರ್ಪಡಿಕೆ’ ಚಿಕ್ಕದಾಗಿದೆ, ಆದರೆ ಬರೀ ‘ಬೇರೆಯಾಗುವಿಕೆ’ಯಂತೆ ಕೇಳಿಸುತ್ತಾ? ನಿಮ್ಮ ಊರ ಕಡೆ, ಮನುಷ್ಯರನ್ನು ಬೇಕೆಂದೇ ದೂರ ಇಡುವುದಕ್ಕೆ ಇನ್ನೂ ಬಿಗಿಯಾದ ಒಂದೇ ಮಾತು ಇದೆಯಾ? ಉತ್ತರ ಕರ್ನಾಟಕ, ಕರಾವಳಿಯವರು ದಯವಿಟ್ಟು ಹೇಳಿ. ಪುಸ್ತಕ ಅಚ್ಚಿಗೆ ಹೋಗೋಕೆ ಇನ್ನು ಹದಿನೈದು ದಿನ ಇದೆ. ಅಷ್ಟರಲ್ಲಿ ಅಕ್ಕನ ಮಗಳಿಗೂ ಉತ್ತರ ಕೊಡಬೇಕು.