ಸಿಗರೇಟು ಕಡಿಮೆ ಮಾಡಿದೆ, ಹಗಲು ಸುಸ್ತು, ರಾತ್ರಿ ಎಚ್ಚರ. ನಿಮಗೂ ಹೀಗಾಗಿತ್ತಾ?

ಸಿಂಧನೂರಿನಿಂದ:

ದಿನಕ್ಕೆ 15 ಸಿಗರೇಟು ಸೇದುತ್ತಿದ್ದವನು 4ಕ್ಕೆ ಇಳಿದಿದ್ದೇನೆ. ಇವತ್ತಿಗೆ ಒಂಬತ್ತು ದಿನ. ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕೆಲಸ. ಮಧ್ಯಾಹ್ನ ರೊಟ್ಟಿ ತಿಂದು ಕೂತರೆ ಸಾಕು, ಲೆಕ್ಕದ ಪುಸ್ತಕದ ಮೇಲೇ ತಲೆ ಇಡುತ್ತೇನೆ. ರಾತ್ರಿ ಮಾತ್ರ 2 ಗಂಟೆಗೆ ಸರಿಯಾಗಿ ಎಚ್ಚರ. ಕನಸು ಬೇರೆ! ಮೊನ್ನೆ ಕನಸಿನಲ್ಲಿ ಕಾಲುವೆ ದಂಡೆಯ ಮೇಲೆ ಕೂತು ಆರಾಮಾಗಿ ಸೇದುತ್ತಿದ್ದೆ. ಎದ್ದ ಮೇಲೂ ತಪ್ಪು ಮಾಡಿಬಿಟ್ಟೆ ಅಂತ ಅರ್ಧ ಗಂಟೆ ಒದ್ದಾಡಿದೆ. ಮನೆಯವಳು "ಸೇದೋವಾಗಲೇ ಚಲೋ ಇದ್ರಿ" ಅಂತಾಳೆ. ಬಿಟ್ಟವರು ಯಾರಾದರೂ ಇದ್ದರೆ ಹೇಳಿ, ಇದು ಎಷ್ಟು ದಿನ? ನೀವೇನು ಮಾಡಿದ್ರಿ?

ಶಕ್ತಿನಗರದಿಂದ:

ತಮ್ಮಾ, ನಾನು ಬಿಟ್ಟು ಮೂರು ವರ್ಷ ಆಯಿತು. ನನ್ನದು ಶಿಫ್ಟ್ ಕೆಲಸ, ಮೊದಲೇ ನಿದ್ದೆಗೆ ನೆಲೆ ಇಲ್ಲ. ಎರಡನೇ ದಿನ, ಮೂರನೇ ದಿನ ಕೈಕಾಲಿಗೆ ಮರಳಿನ ಚೀಲ ಕಟ್ಟಿದ ಹಾಗಿತ್ತು. ಒಂದು ರಾತ್ರಿ ಕೆಲಸ ಮುಗಿಸಿ ಬಂದವನು ಒಂದು ಶೂ ಬಿಚ್ಚಿ, ಇನ್ನೊಂದು ಕಾಲಲ್ಲೇ ಇರುವಾಗ ಹೊಸ್ತಿಲ ಮೇಲೆ ನಿದ್ದೆ ಹೋಗಿದ್ದೆ. ಎಬ್ಬಿಸಿ ಹಾಸಿಗೆಗೆ ಕಳಿಸಿದರು. ಅಲ್ಲಿ ಕಣ್ಣು ಮುಚ್ಚಲೇ ಇಲ್ಲ! ಮೂರು ವಾರಕ್ಕೆ ಮೈ ಹಗುರಾಯಿತು. ನಿದ್ದೆ ನೆಟ್ಟಗಾಗಲು ಇನ್ನೂ ಸ್ವಲ್ಪ ದಿನ ಹಿಡಿಯಿತು.

ತಂಬಾಕಿನಲ್ಲಿರುವ ನಿಕೋಟಿನ್ ಚುರುಕು ಕೊಡುವ ವಸ್ತು. ರಕ್ತಕ್ಕೆ ಸೇರಿದ್ದು ಸುಮಾರು ಎರಡು ಗಂಟೆಯಲ್ಲಿ ಅರ್ಧ ಇಳಿದುಬಿಡುತ್ತದೆ. ಅದಕ್ಕೇ ನಾವು ಹಗಲೆಲ್ಲ ತುಂಬುತ್ತಾ ಇರುತ್ತೇವೆ. ತುಂಬುವುದು ನಿಂತರೆ ಮೈ ಜೋತುಬೀಳುತ್ತದೆ.

ನೀನು ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೀಯ. ಇದರಲ್ಲೊಂದು ಮೋಸ ಇದೆ. ಉಳಿದ ನಾಲ್ಕನ್ನು ಬುಡ ಸುಡುವವರೆಗೂ ಎಳೆಯುತ್ತೀಯ, ಅಲ್ವಾ? ನಾನೂ ಎಳೆದವನೇ. ಎಣಿಕೆ ಇಳಿದಷ್ಟು ನಿಕೋಟಿನ್ ಇಳಿದಿರುವುದಿಲ್ಲ. ಆ ನಾಲ್ಕರಲ್ಲಿ ಕೊನೆಯದು ಮಲಗುವ ಮುಂಚಿನದಾಗಿದ್ದರೆ ಮೊದಲು ಅದನ್ನು ತೆಗಿ. ಅದು ನಿದ್ದೆ ಕೊಡುವುದಿಲ್ಲ, ಕೆಡಿಸುತ್ತದೆ. ನಾನು ಸಂಜೆ 7ರ ಮೇಲೆ ಮುಟ್ಟಬಾರದು ಅಂತ ಮಾಡಿಕೊಂಡಿದ್ದೆ. ಆಮೇಲೆ ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸಿದೆ. ನನ್ನ ಲೆಕ್ಕದಲ್ಲಿ ಕಡಿಮೆ ಮಾಡುತ್ತಾ ಕೂರುವುದೇ ಜಾಸ್ತಿ ಸಂಕಟ. ಎಲ್ಲರಿಗೂ ಹಾಗೇ ಅಂತ ಹೇಳಲ್ಲ.

ಇನ್ನೊಂದು. ಚಹಾ ಎಷ್ಟು ಕುಡೀತೀಯ? ನಾನು ದಿನಕ್ಕೆ ಎಂಟು. ಬಿಟ್ಟ ಮೇಲೆ ಅದೇ ಎಂಟಕ್ಕೆ ರಾತ್ರಿ 11ಕ್ಕೆ ಎದೆ ಡಬಡಬ. ಮೂರಕ್ಕೆ ಇಳಿಸಿದೆ, ಮಧ್ಯಾಹ್ನದ ಮೇಲೆ ಬಂದ್. ನನಗೆ ಅರ್ಧ ಕೆಲಸ ಆಗಿದ್ದು ಅದರಿಂದಲೇ.

ಗಂಗಾವತಿಯಿಂದ:

ಚಹಾದ ಮಾತು ನಮ್ಮ ಮನೆಯಲ್ಲಿ ನಿಜ ಆಗಲಿಲ್ಲ ಅಣ್ಣ. ನಮ್ಮ ಅತ್ತೆ ನಲವತ್ತು ವರ್ಷ ಎಲೆ, ಅಡಿಕೆ, ಸುಣ್ಣದ ಜೊತೆ ತಂಬಾಕು ಹಾಕಿದವರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡು ಡಾಕ್ಟರ್ ಗದರಿದ ದಿನ ಸಂಚಿ ಎತ್ತಿಟ್ಟರು. ಮೊದಲ ಹದಿನೈದು ದಿನ ಹಗಲು ಕೂತಲ್ಲೇ ತೂಕಡಿಕೆ. ರಾತ್ರಿ 3ಕ್ಕೆ ಅಡುಗೆಮನೆಯಲ್ಲಿ ಸದ್ದು. ಬೆಕ್ಕು ಅಂದುಕೊಂಡು ಹೋದರೆ, ಅತ್ತೆ ಲೈಟ್ ಹಾಕಿಕೊಂಡು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು! "ಕೈ ಸುಮ್ನೆ ಇದ್ರ ಬಾಯಿ ಕೇಳ್ತೈತಿ" ಅಂದರು. ನಾನೂ ಪಕ್ಕದಲ್ಲಿ ಕೂತೆ. ಒಂದು ವಾರದಲ್ಲಿ ಇಡೀ ಚೀಲ ಹಸನಾಯಿತು.

ಯಾರೂ ಹೇಳದ ಒಂದು ವಿಷಯ ಇದೆ. ಮಲಬದ್ಧತೆ. ತಂಬಾಕು ಬಿಟ್ಟಾಗ ಅದೂ ಬರುತ್ತದಂತೆ. ಹೊಟ್ಟೆ ಉಬ್ಬರಿಸಿಕೊಂಡು ಮಲಗಿದರೆ ಎಲ್ಲಿಯ ನಿದ್ದೆ? ನೀರು, ಪುಂಡಿಪಲ್ಲೆ, ಬೆಳಿಗ್ಗೆ ನಡಿಗೆ, ಇಷ್ಟರಲ್ಲೇ ಸರಿಹೋಯಿತು.

ಬಳ್ಳಾರಿಯಿಂದ, ಮೆಡಿಕಲ್ ಅಂಗಡಿಯವರು:

ಇಬ್ಬರು ಹೇಳಿದ್ದೂ ಸರಿ. ಹೊಗೆಯಲ್ಲಿರುವ ಕೆಲವು ವಸ್ತುಗಳಿಂದ ಸೇದುವವರ ಲಿವರ್ ಚಹಾದಲ್ಲಿರುವ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಆ ವೇಗ ಇಳಿಯುತ್ತದೆ. ಅಷ್ಟೇ ಚಹಾ ಕುಡಿದರೂ ಮೈಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ. ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಹಾಗಾಗಿ ತಂಬಾಕು ಅಗಿಯುವವರಿಗೆ ಆಗುವುದಿಲ್ಲ. ದಮ್ಮಿಗೆ ಥಿಯೋಫಿಲಿನ್ ಮಾತ್ರೆ ತಗೊಳ್ಳುವವರು ಸೇದುವುದು ಬಿಡುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು. ಅದರ ಮಟ್ಟವೂ ಹೀಗೇ ಏರುತ್ತದೆ.

ಬಿಡಲು ನೆರವಾಗುವ ನಿಕೋಟಿನ್ ಪ್ಯಾಚ್, ಅಂದರೆ ಮೈಗೆ ಅಂಟಿಸುವ ಪಟ್ಟಿ, ಹಚ್ಚಿಕೊಂಡು ಮಲಗಿದರೆ ಕನಸು ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ. ಅಂಥವರು ಮಲಗುವಾಗ ತೆಗೆಯಬಹುದು. ನಿಕೋಟಿನ್ ಗಮ್ಮನ್ನು ಬಬಲ್ ಗಮ್ ತರ ಅಗಿಯಬೇಡಿ. ನಾಲ್ಕು ಸಲ ಅಗಿದು, ಖಾರ ಹತ್ತಿದಾಗ ದವಡೆಗೆ ಒತ್ತಿಡಿ. ಚಹಾ ಕುಡಿದ ಮೇಲೆ ಹದಿನೈದು ನಿಮಿಷ ಬಿಡಿ, ಇಲ್ಲವಾದರೆ ನಿಕೋಟಿನ್ ಸರಿಯಾಗಿ ಹತ್ತಲ್ಲ. ನಿದ್ದೆ ಮಾತ್ರೆ ಕೇಳಿಕೊಂಡು ಬರುವವರೂ ಇದ್ದಾರೆ. ಚೀಟಿ ಇಲ್ಲದೆ ನಾನಂತೂ ಕೊಡುವುದಿಲ್ಲ. ತಿಂಗಳಾದರೂ ಸುಸ್ತು ಹೋಗದಿದ್ದರೆ ಸಿಗರೇಟಿನ ಮೇಲೆ ಹಾಕಿ ಕೂರಬೇಡಿ. ಶುಗರ್, ಥೈರಾಯ್ಡ್, ರಕ್ತ ನೋಡಿಸಿ. ಗೊರಕೆ ಜೋರಿದ್ದರೆ ಅದನ್ನೂ ಹೇಳಿ. ಮನಸ್ಸು ತೀರಾ ಕುಗ್ಗಿದರೆ ತಿಂಗಳು ಕಾಯಬೇಡಿ, ಅವತ್ತೇ ಹೋಗಿ.

1800-11-2356ಕ್ಕೆ ಫೋನ್ ಮಾಡಿದರೆ ಪುಕ್ಕಟೆಯಾಗಿ ಮಾತಾಡಿ ದಾರಿ ತೋರಿಸುತ್ತಾರೆ. ತಂಬಾಕು ಬಿಡಲು ಸರ್ಕಾರ ಇಟ್ಟಿರುವ ನಂಬರ್ ಅದು.

ಕೊಪ್ಪಳದಿಂದ:

ನಾನು ಮೂರು ಸಲ ಬಿಟ್ಟು ಮೂರು ಸಲ ಹಿಡಿದವನು, ನನ್ನಿಂದ ಸಲಹೆ ಬೇಡ. ಒಂದು ಮಾತ್ರ ಹೇಳುತ್ತೇನೆ. ಮೂರೂ ಸಲ ನನ್ನನ್ನು ಕೆಡವಿದ್ದು ಆಸೆ ಅಲ್ಲ, ಸುಸ್ತು. ಹೋದ ಸಲ ಗವಿಮಠದ ಜಾತ್ರೆಯಲ್ಲಿ ಮಿರ್ಚಿ ತಿಂದು, ಚಹಾ ಕುಡಿದು, ನಡೆದು ನಡೆದು ಕಾಲು ಸೋತಿತ್ತು. ಒಂದು ಸೇದಿದರೆ ಸರಿಹೋಗುತ್ತೆ ಅನಿಸಿತು. ಐದು ನಿಮಿಷದಲ್ಲಿ ಸರಿ ಹೋಗಿಯೇ ಬಿಟ್ಟಿತು! ಅಲ್ಲೇ ಸಿಕ್ಕಿಬಿದ್ದೆ.

ಸಿಂಧನೂರಿನಿಂದ, ಆರು ದಿನದ ಮೇಲೆ:

ಅಣ್ಣಾ, ಚಹಾ ಎಣಿಸಿದೆ. ಒಂಬತ್ತು ಬಂತು! ಗಿರಣಿಗೆ ಬರುವ ಪ್ರತಿ ಲಾರಿಯವನ ಜೊತೆ ಒಂದೊಂದು ಅರ್ಧ ಕಪ್, ಲೆಕ್ಕಕ್ಕೇ ಇರಲಿಲ್ಲ. ಈಗ ನಾಲ್ಕು. ಮಲಗುವ ಮುಂಚಿನ ಸಿಗರೇಟು ನಿಂತಿದೆ, ಉಳಿದಿರುವುದು ಎರಡು. ಮಧ್ಯಾಹ್ನ ಮಾಲೀಕರನ್ನು ಕೇಳಿ ಇಪ್ಪತ್ತು ನಿಮಿಷ ಗೋಣಿ ಚೀಲದ ಮೇಲೆ ಒರಗುತ್ತೇನೆ. ಮಂಪರು ಪೂರ್ತಿ ಹೋಗಿಲ್ಲ. ಎಚ್ಚರ 2ರಿಂದ 4ಕ್ಕೆ ಸರಿದಿದೆ. ಅಕ್ಕಾ, ನಮ್ಮನೆಯಲ್ಲಿ ಹಸನು ಮಾಡಲು ಜೋಳ ಇರಲಿಲ್ಲ, ಶೇಂಗಾ ಸುಲಿದೆ.

ನಿನ್ನೆ ಮತ್ತೆ ಅದೇ ಕನಸು. ಕೈಯಲ್ಲಿ ಸಿಗರೇಟಿತ್ತು, ಕಡ್ಡಿಪೆಟ್ಟಿಗೆ ಇರಲಿಲ್ಲ. ಬೆಳಗಾಗುವವರೆಗೂ ಹುಡುಕಿದೆ.